ಲಿನಕ್ಸ್‌ನಲ್ಲಿ ಹಾಕಿದ ಪ್ರೋಗ್ರಾಂ ಮೆನುವಿನಲ್ಲಿ ಕಾಣುತ್ತಿಲ್ಲವೇ? ಮತ್ತೆ ಹಾಕಬೇಡಿ, ಚೀಟಿ ಹುಡುಕಿ

ಹೋದ ಆಷಾಢದಲ್ಲಿ ಆಲ್ದೂರು ಕಡೆಯ ತೋಟದ ರೈಟರ್ (ಲೆಕ್ಕ, ಹಾಜರಿ ಬರೆಯುವವರು) ಒಬ್ಬರು ಫೋನ್ ಮಾಡಿದರು. ಅವರಲ್ಲಿ ಸಿಗ್ನಲ್ ಸಿಗಬೇಕಾದರೆ ಕಾಫಿ ಒಣಗಿಸುವ ಕಣದ ಮೂಲೆಗೆ ಬಂದು ನಿಲ್ಲಬೇಕು. ಆ ಮಳೆಯಲ್ಲಿ ಕೊಡೆ ಹಿಡಿದುಕೊಂಡು ಅಲ್ಲಿಗೆ ಬಂದಿದ್ದಾರೆ ಎಂದರೆ ಎಷ್ಟು ತಲೆ ಕೆಟ್ಟಿರಬೇಕು ನೋಡಿ. "ಗ್ನುಕ್ಯಾಶ್ ಮೂರು ಸಲ ಹಾಕ್ದೆ, ಮೂರು ಸಲ ತೆಗ್ದೆ. ಆಯ್ತು ಅನ್ನುತ್ತೆ, ಮೆನು ತೆಗೆದ್ರೆ ಇಲ್ಲ. ವೈರಸ್ಸಾ?"

ವೈರಸ್ ಅಲ್ಲ. ಲೆಕ್ಕ ಬರೆಯುವ ಪ್ರೋಗ್ರಾಂ ಗ್ನುಕ್ಯಾಶ್ ಮೂರೂ ಸಲ ಸರಿಯಾಗಿಯೇ ಕೂತಿತ್ತು. ದಂಡವಾಗಿದ್ದು ಅವರ ಮೊಬೈಲ್ ಡೇಟಾ ಅಷ್ಟೆ. ಅವರ ತೊಂದರೆ ಏನಿತ್ತು ಎಂದು ಮುಂದೆ ಹೇಳುತ್ತೇನೆ.

ಚಿಕ್ಕಮಗಳೂರಿನಲ್ಲಿ ಹಳೆ ಕಂಪ್ಯೂಟರ್‌ಗಳಿಗೆ ಲಿನಕ್ಸ್ ಹಾಕಿಕೊಡುವ ಚಟ ನನಗೆ. ದುಡ್ಡಿನ ಕೆಲಸ ಅಲ್ಲ, ಒಂದು ಲೋಟ ಕಾಫಿ ಕೊಟ್ಟರೆ ಆಯ್ತು. ಬರುವ ದೂರುಗಳಲ್ಲಿ ಪ್ರಿಂಟರ್ ಬಿಟ್ಟರೆ ಇದೇ ಜಾಸ್ತಿ: ಹಾಕಿದ್ದೇನೆ, ಕಾಣುತ್ತಿಲ್ಲ. ಪ್ರತಿಯೊಬ್ಬರೂ ಮೊದಲು ಮಾಡುವುದು ತೆಗೆದು ಮತ್ತೆ ಹಾಕುವುದು. ಅದರಿಂದ ಸರಿಹೋಗಿದ್ದನ್ನು ನಾನು ನೋಡಿದ್ದು ಬಹಳ ಕಡಿಮೆ.

ಒಂದು ಮಾತು ಮೊದಲೇ. ಕಮಾಂಡು, ಫೋಲ್ಡರ್ ಹೆಸರು ಎಲ್ಲವನ್ನೂ ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ (ಕಮಾಂಡ್ ಬರೆಯುವ ಕಿಟಕಿಯಲ್ಲಿ) ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಕಮಾಂಡುಗಳೆಲ್ಲ ಸಣ್ಣಕ್ಷರ. ಚೀಟಿಯೊಳಗಿನ ಟೈಪ್, ನೇಮ್, ಎಕ್ಸೆಕ್ ಇಂಥ ಪದಗಳಿಗೆ ಮೊದಲಕ್ಷರ ದೊಡ್ಡದು. ಇಲ್ಲಿ ದೊಡ್ಡಕ್ಷರ ಸಣ್ಣಕ್ಷರ ತಪ್ಪಿದರೆ ಲಿನಕ್ಸ್ ಕ್ಷಮಿಸುವುದಿಲ್ಲ.

ಮೆನು ಅಂದರೆ ಚೆಕ್‌ರೋಲ್

ತೋಟದಲ್ಲಿ ಇದ್ದವರಿಗೆ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಗೊತ್ತು. ಆಳು ಬೆಳಿಗ್ಗೆ ಎಂಟಕ್ಕೇ ಬಂದು ಸಂಜೆವರೆಗೆ ಹಣ್ಣು ಕೊಯ್ದಿರಬಹುದು, ಆದರೆ ರೈಟರ್ ಪುಸ್ತಕದಲ್ಲಿ ಹೆಸರು ಹತ್ತದಿದ್ದರೆ ವಾರದ ಬಟವಾಡೆಯ ದಿನ ಅವನು ಬಂದೇ ಇಲ್ಲ. ಮೆನು ಕೂಡ ಹಾಗೇ. ಕಂಪ್ಯೂಟರ್‌ನಲ್ಲಿ ಏನೇನು ಪ್ರೋಗ್ರಾಂ ಇದೆ ಎಂದು ಅದು ಹುಡುಕುವುದೇ ಇಲ್ಲ. ಕೆಲವು ಗೊತ್ತಾದ ಫೋಲ್ಡರ್‌ಗಳಲ್ಲಿ ಇರುವ ಸಣ್ಣ ಸಣ್ಣ ಪಠ್ಯ ಕಡತಗಳನ್ನು ಓದುತ್ತದೆ, ಅವುಗಳಲ್ಲಿ ಬರೆದದ್ದನ್ನು ತೋರಿಸುತ್ತದೆ, ಅಷ್ಟೇ ಅದರ ಕೆಲಸ. ಆ ಕಡತದ ಹೆಸರಿನ ಕೊನೆಯಲ್ಲಿ .ಡೆಸ್ಕ್‌ಟಾಪ್ ಎಂದಿರುತ್ತದೆ. ಡೆಸ್ಕ್‌ಟಾಪ್ ಫೈಲ್ ಎನ್ನುತ್ತಾರೆ, ನಾನು ಚೀಟಿ ಎನ್ನುತ್ತೇನೆ.

ಲಿನಕ್ಸ್‌ನಲ್ಲಿ ಮೆನು, ಕಿಟಕಿ ಎಲ್ಲ ತೋರಿಸುವ ವ್ಯವಸ್ಥೆಗೆ ಡೆಸ್ಕ್‌ಟಾಪ್ ಎನ್ನುತ್ತಾರೆ; ಗ್ನೋಮ್, ಕೆಡಿಇ ಇಂಥವು ಹಲವು ಇವೆ. ಹಿಂದೆ ಒಂದೊಂದು ಡೆಸ್ಕ್‌ಟಾಪ್‌ಗೂ ಅದರದ್ದೇ ಪದ್ಧತಿ ಇತ್ತು. ಕೆಡಿಇಯ ಮೊದಲ ಆವೃತ್ತಿಯಲ್ಲಿ ಚೀಟಿಯ ಹೆಸರೇ ಬೇರೆ, ಕೆಡಿಇಲಿಂಕ್ ಎಂದು. 2000ದಲ್ಲಿ ಹ್ಯಾವಕ್ ಪೆನ್ನಿಂಗ್ಟನ್ ಶುರು ಮಾಡಿದ ಫ್ರೀಡೆಸ್ಕ್‌ಟಾಪ್ ಎಂಬ ಯೋಜನೆಯಿಂದ ಎಲ್ಲರಿಗೂ ಒಂದೇ ಚೀಟಿ ಎಂಬ ಒಪ್ಪಂದ ಬಂತು. ಆಗ ಆ ಗುಂಪಿಗೆ ಎಕ್ಸ್ ಡೆಸ್ಕ್‌ಟಾಪ್ ಗ್ರೂಪ್ ಎಂದು ಹೆಸರಿತ್ತು, ಅದಕ್ಕೇ ಇವತ್ತಿಗೂ ಎಲ್ಲೆಲ್ಲೂ ಎಕ್ಸ್‌ಡಿಜಿ ಎಂಬ ಮೂರು ಅಕ್ಷರ ಎದುರಾಗುತ್ತದೆ. ಇದರಿಂದ ನಮಗೆ ಲಾಭ ಏನೆಂದರೆ, ಗ್ನೋಮ್ ಇರಲಿ, ಕೆಡಿಇ ಇರಲಿ, ಎಕ್ಸ್‌ಎಫ್‌ಸಿಇ, ಮಾಟೆ, ಸಿನಮನ್ ಯಾವುದೇ ಇರಲಿ, ಹುಡುಕುವ ದಾರಿ ಒಂದೇ.

ಹಾಗಾಗಿ ಪ್ರೋಗ್ರಾಂ ಇದೆಯಾ ಎಂದು ಒದ್ದಾಡಬೇಡಿ. ಚೀಟಿ ಎಲ್ಲಿ ಎಂದು ಕೇಳಿ.

ಚೀಟಿ ಇದೆಯಾ?

ಲಿನಕ್ಸಿನ ಬಗೆಗಳಲ್ಲಿ ಮಿಂಟ್, ಉಬುಂಟು, ಡೆಬಿಯನ್ ಬಳಸುವವರು ಟರ್ಮಿನಲ್ ತೆರೆದು ಡಿಪಿಕೆಜಿ -ಎಲ್ ಎಂದು ಹೊಡೆದು (ಈ ಎಲ್ ದೊಡ್ಡಕ್ಷರ, ಸಣ್ಣದಾದರೆ ಬೇರೆಯೇ ಉತ್ತರ ಬರುತ್ತದೆ) ಮುಂದೆ ಪ್ಯಾಕೇಜಿನ (ಪ್ರೋಗ್ರಾಂ ಬರುವ ಕಟ್ಟಿನ) ಹೆಸರು ಕೊಡಿ. ಆ ಪ್ಯಾಕೇಜ್ ನಿಮ್ಮ ಡಿಸ್ಕಿನಲ್ಲಿ ಎಲ್ಲೆಲ್ಲಿ ಏನೇನು ಇಟ್ಟಿದೆ ಎಂಬ ಪೂರ್ತಿ ಪಟ್ಟಿ ಬರುತ್ತದೆ. ಅದರಲ್ಲಿ .ಡೆಸ್ಕ್‌ಟಾಪ್ ಎಂದು ಕೊನೆಯಾಗುವ ಸಾಲು ಇದೆಯೇ ನೋಡಿ. ಫೆಡೋರಾದವರಿಗೆ ಇದೇ ಕೆಲಸಕ್ಕೆ ಆರ್‌ಪಿಎಂ -ಕ್ಯೂಎಲ್. ನನ್ನ ಲೆಕ್ಕದಲ್ಲಿ ಅರ್ಧ ರೋಗ ಇಲ್ಲೇ ಗೊತ್ತಾಗುತ್ತದೆ.

ಸಾಲು ಇಲ್ಲ ಎಂದರೆ ಆ ಪ್ರೋಗ್ರಾಂಗೆ ಚೀಟಿಯೇ ಇಲ್ಲ, ಬಹುಶಃ ಬೇಕಾಗಿಯೂ ಇಲ್ಲ. ಎಫ್‌ಎಫ್‌ಎಂಪೆಗ್, ಪ್ಯಾಂಡಾಕ್ ಇವೆಲ್ಲ ಟರ್ಮಿನಲ್‌ನಲ್ಲಿ ಹೆಸರು ಹಿಡಿದು ಕರೆಯುವ ಪ್ರೋಗ್ರಾಂಗಳು. ಹಾಸನದಿಂದ ಒಬ್ಬರು ಹಳೆಯ ಕನ್ನಡ ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿ ಪಠ್ಯ ತೆಗೆಯಬೇಕೆಂದು ಟೆಸರಾಕ್ಟ್ ಹಾಕಿ, ಅದರ ಕನ್ನಡ ಪ್ಯಾಕೇಜನ್ನೂ ಹಾಕಿ, ಎರಡು ದಿನ ಮೆನುವಿನಲ್ಲಿ ಹುಡುಕಿದ್ದರು. ಟೆಸರಾಕ್ಟ್‌ಗೆ ಕಿಟಕಿಯೇ ಇಲ್ಲವಲ್ಲ ಮಾರಾಯ್ರೆ. ಅದಕ್ಕೆ ಮುಖ ಬೇಕಾದರೆ ಜಿಇಮೇಜ್‌ರೀಡರ್ ಹಾಕಬೇಕು, ಅದು ಮೆನುವಿಗೆ ಬರುತ್ತದೆ, ಒಳಗಿಂದ ಟೆಸರಾಕ್ಟನ್ನೇ ಕರೆಯುತ್ತದೆ. ಇನ್ನೊಬ್ಬರು ಗುಬ್ಬಿ, ನವಿಲು ಎಂಬ ಕನ್ನಡ ಫಾಂಟ್ ಪ್ಯಾಕೇಜ್ ಹಾಕಿ ಗುಬ್ಬಿ ಎಲ್ಲಿ ಹಾರಿಹೋಯಿತು ಎಂದು ಕೇಳಿದ್ದರು. ಫಾಂಟ್ ಮೆನುವಿನಲ್ಲಿ ಕೂರುವುದಿಲ್ಲ, ರೈಟರ್ ತೆರೆದು ಅಕ್ಷರಗಳ ಪಟ್ಟಿ ನೋಡಬೇಕು. (ಲಿಬ್ರೆಆಫೀಸ್ ರೈಟರ್, ತೋಟದ ರೈಟರ್ ಅಲ್ಲ.)

ಸಾಲು ಇದೆ, /ಯುಎಸ್‌ಆರ್/ಶೇರ್/ಅಪ್ಲಿಕೇಶನ್ಸ್ ಒಳಗೆ ಚೀಟಿ ಕೂತಿದೆ, ಆದರೂ ಮೆನುವಿನಲ್ಲಿ ಇಲ್ಲ ಎಂದರೆ ವಿಷಯ ಬೇರೆ. ಅದಕ್ಕೆ ಆಮೇಲೆ ಬರೋಣ.

ಡೌನ್‌ಲೋಡ್ ಮಾಡಿದ್ದು ಬೇರೆ, ಹಾಕಿದ್ದು ಬೇರೆ

ಕಡೂರು ಕಡೆಯ ಮೇಷ್ಟ್ರೊಬ್ಬರು ಮಕ್ಕಳಿಗೆ ಆಕಾಶ ತೋರಿಸಲು ಸ್ಟೆಲೇರಿಯಂ ತರಿಸಿಕೊಂಡರು. ಕಡೂರು ಬಯಲುಸೀಮೆ, ಅಲ್ಲಿ ಆಕಾಶ ಕಾಣುತ್ತದೆ. ನಮ್ಮ ಮಲೆನಾಡು ಭಾಗದಲ್ಲಾದರೆ ವರ್ಷದಲ್ಲಿ ಕೆಲವು ತಿಂಗಳು ಕಂಪ್ಯೂಟರ್‌ನಲ್ಲೇ ನಕ್ಷತ್ರ ನೋಡಬೇಕು! ಅವರು ತರಿಸಿದ್ದು ಆಪ್‌ಇಮೇಜ್ ರೂಪದ್ದು. ಒಂದೇ ದೊಡ್ಡ ಕಡತ, ಒತ್ತಿದರೆ ನೇರ ಓಡುತ್ತದೆ, ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಬಿದ್ದಿತ್ತು. "ಹಾಕಿದ್ದೇನೆ" ಎಂದರು. ಹಾಕಿರಲಿಲ್ಲ, ತಂದಿಟ್ಟಿದ್ದರು. ಆಪ್‌ಇಮೇಜ್ ಆಗಲಿ, ಟಾರ್ ಗಂಟಿನಲ್ಲಿ (ಹಲವು ಕಡತ ಕಟ್ಟಿಟ್ಟ ಒಂದೇ ಕಡತದಲ್ಲಿ) ಬರುವ ಬ್ಲೆಂಡರ್, ಝೋಟೆರೋ ಆಗಲಿ, ಬಿಚ್ಚಿದ ಮಾತ್ರಕ್ಕೆ ಮೆನುವಿಗೆ ಬರುವುದಿಲ್ಲ. ಟಾರ್ ಗಂಟಿನಲ್ಲಿ ಎಷ್ಟೋ ಸಲ ಸಿದ್ಧ ಚೀಟಿ ಇರುತ್ತದೆ, ಆದರೆ ಅದು ಗಂಟಿನೊಳಗೇ ಇರುತ್ತದೆ. ಮೆನು ಅಲ್ಲಿ ಇಣುಕುವುದಿಲ್ಲ.

ಇಂಥದ್ದಕ್ಕೆ ಚೀಟಿ ನಾವೇ ಬರೆಯಬೇಕು. ಕಷ್ಟ ಏನಿಲ್ಲ. ಮೊದಲು ಕಡತವನ್ನು ಡೌನ್‌ಲೋಡ್ಸ್‌ನಿಂದ ಎತ್ತಿ, ಮನೆ ಫೋಲ್ಡರಿನಲ್ಲಿ ಆಪ್ಸ್ ಎಂದೇನಾದರೂ ಒಂದು ಜಾಗ ಮಾಡಿ ಅಲ್ಲಿಡಿ. ಡೌನ್‌ಲೋಡ್ಸ್‌ನಲ್ಲೇ ಬಿಟ್ಟರೆ ಒಂದು ದಿನ ಯಾರೋ ಗುಡಿಸಿ ಹಾಕುತ್ತಾರೆ, ಮತ್ತೆ ನನಗೇ ಫೋನ್. ಆಪ್‌ಇಮೇಜ್‌ಗೆ ಓಡುವ ಅನುಮತಿ ಕೊಡಿ: ಕಡತದ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಪರ್ಮಿಶನ್ಸ್, ಅಲ್ಲೊಂದು ಟಿಕ್. ಉಬುಂಟು 22.04ರಿಂದ ಈಚೆಗೆ ಹಳೆ ಬಗೆಯ ಆಪ್‌ಇಮೇಜ್‌ಗಳು ಇಷ್ಟಾದರೂ ಓಡದಿರಬಹುದು, ಅವಕ್ಕೆ ಬೇಕಾದ ಲಿಬ್‌ಫ್ಯೂಸ್2 ಮೊದಲೇ ಇರುವುದಿಲ್ಲ. 24.04ರಲ್ಲಿ ಅದೇ ಪ್ಯಾಕೇಜಿನ ಹೆಸರು ಲಿಬ್‌ಫ್ಯೂಸ್2ಟಿ64 ಆಗಿದೆ. ಕೈಯಿಂದ ಒತ್ತಿದಾಗ ಓಡದ ಪ್ರೋಗ್ರಾಂ ಮೆನುವಿನಿಂದಲೂ ಓಡುವುದಿಲ್ಲ, ಆದ್ದರಿಂದ ಇದನ್ನು ಮೊದಲು ಮುಗಿಸಿ.

ಆಮೇಲೆ ಸಾದಾ ಪಠ್ಯ ಸಂಪಾದಕದಲ್ಲಿ (ಲಿಬ್ರೆಆಫೀಸಿನಲ್ಲಿ ಬೇಡ) ಇಷ್ಟು ಬರೆಯಿರಿ:

[ಡೆಸ್ಕ್‌ಟಾಪ್ ಎಂಟ್ರಿ]
ಟೈಪ್=ಅಪ್ಲಿಕೇಶನ್
ನೇಮ್=ಸ್ಟೆಲೇರಿಯಂ
ಎಕ್ಸೆಕ್=/ಹೋಮ್/ಮೇಷ್ಟ್ರು/ಆಪ್ಸ್/ಸ್ಟೆಲೇರಿಯಂ.ಆಪ್‌ಇಮೇಜ್
ಐಕಾನ್=/ಹೋಮ್/ಮೇಷ್ಟ್ರು/ಆಪ್ಸ್/ಸ್ಟೆಲೇರಿಯಂ.ಪಿಎನ್‌ಜಿ
ಟರ್ಮಿನಲ್=ಫಾಲ್ಸ್
ಕೆಟಗರೀಸ್=ಎಜುಕೇಶನ್;ಆಸ್ಟ್ರಾನಮಿ;

ಇದನ್ನು ಸ್ಟೆಲೇರಿಯಂ.ಡೆಸ್ಕ್‌ಟಾಪ್ ಎಂಬ ಹೆಸರಿನಲ್ಲಿ ~/.ಲೋಕಲ್/ಶೇರ್/ಅಪ್ಲಿಕೇಶನ್ಸ್ ಒಳಗೆ ಉಳಿಸಿ. ಆ ಅಲೆಯ ಗುರುತು ಎಂದರೆ ನಿಮ್ಮ ಮನೆ ಫೋಲ್ಡರ್. ಚುಕ್ಕೆಯಿಂದ ಶುರುವಾಗುವ ಫೋಲ್ಡರ್ ಕಣ್ಣಿಗೆ ಬೀಳುವುದಿಲ್ಲ, ಫೈಲ್ ಮ್ಯಾನೇಜರಿನಲ್ಲಿ ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಕಾಣುತ್ತದೆ. ಅಪ್ಲಿಕೇಶನ್ಸ್ ಫೋಲ್ಡರ್ ಇಲ್ಲದಿದ್ದರೆ ನೀವೇ ಮಾಡಿ. ಎಲ್ಲ ಬಳಕೆದಾರರಿಗೂ ಬೇಕೆಂದರೆ /ಯುಎಸ್‌ಆರ್/ಲೋಕಲ್/ಶೇರ್/ಅಪ್ಲಿಕೇಶನ್ಸ್ ಸರಿಯಾದ ಜಾಗ. ಆಗ ಪ್ರೋಗ್ರಾಂ ಕೂಡ ಎಲ್ಲರೂ ಓದಬಲ್ಲ ಜಾಗದಲ್ಲಿ, /ಆಪ್ಟ್ ಒಳಗೋ ಎಲ್ಲೋ, ಇರಬೇಕು.

ಮನೆ ಫೋಲ್ಡರಿನಲ್ಲಿ ಸುಡೋ (ಯಂತ್ರದ ಮೇಲ್ವಿಚಾರಕ ರೂಟ್‌ನ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಹಾಕಿಕೊಂಡು ಈ ಕೆಲಸ ಮಾಡುವುದು ಬೇಡವೇ ಬೇಡ. ಒಬ್ಬರು ಸುಡೋದಲ್ಲಿ ಚೀಟಿ ಮಾಡಿ, ಅದರ ಯಜಮಾನ ರೂಟ್ ಆಗಿ, ಬೇರೆಯವರು ಓದುವ ಅನುಮತಿಯೂ ಇಲ್ಲದೆ, ಅವರ ಮೆನುವಿಗೇ ಅದನ್ನು ಓದಲು ಬರುತ್ತಿರಲಿಲ್ಲ. ಚೀಟಿ ಕಣ್ಣೆದುರು ಇದೆ, ಮೆನುವಿನಲ್ಲಿ ಇಲ್ಲ. ಎಲ್‌ಎಸ್ -ಎಲ್ ಕೊಟ್ಟು ಯಜಮಾನನ ಹೆಸರು ನೋಡಿ, ರೂಟ್ ಎಂದಿದ್ದರೆ ಸುಡೋ ಚೌನ್ ಕೊಟ್ಟು ನಿಮ್ಮ ಹೆಸರಿಗೆ ತಿರುಗಿಸಿ.

ಚೀಟಿ ಬರೆದಿದ್ದೇನೆ, ಆದರೂ ಇಲ್ಲ

ಇಲ್ಲಿ ಹೆಚ್ಚು ಹೊತ್ತು ಕೂರಬೇಕು. ನಾನೂ ಹೆಚ್ಚು ತಪ್ಪು ಮಾಡಿದ್ದು ಇಲ್ಲೇ.

ಡೆಸ್ಕ್‌ಟಾಪ್-ಫೈಲ್-ವ್ಯಾಲಿಡೇಟ್ ಎಂಬ ಕಮಾಂಡ್ ಇದೆ, ಡೆಸ್ಕ್‌ಟಾಪ್-ಫೈಲ್-ಯುಟಿಲ್ಸ್ ಪ್ಯಾಕೇಜಿನಲ್ಲಿ ಬರುತ್ತದೆ. ಅದಕ್ಕೆ ಚೀಟಿಯ ಹೆಸರು ಕೊಡಿ. ಸುಮ್ನೆ ಇದ್ದರೆ ಚೀಟಿಯ ವ್ಯಾಕರಣ ಸರಿ. ತಪ್ಪಿದ್ದರೆ ಯಾವುದು ಎಂದು ಹೇಳುತ್ತದೆ: ಮೊದಲ ಸಾಲಿನ ಚೌಕ ಕಂಸ ಬಿಟ್ಟಿದೆ, ಕೆಟಗರಿಯ ಹೆಸರು ಗುರುತಿಲ್ಲ, ಕೊನೆಗೆ ಸೆಮಿಕೋಲನ್ ಇಲ್ಲ ಎಂದೆಲ್ಲ. ಹಿಂಟ್ ಎಂದು ಬಂದರೆ ಬಿಟ್ಟುಬಿಡಬಹುದು, ಎರರ್ ಎಂದು ಬಂದರೆ ಬಿಡಬೇಡಿ.

ಜಾಸ್ತಿ ಕಾಡುವ ತಪ್ಪುಗಳು ಇವು, ಕೆಲವನ್ನು ಅದು ಹಿಡಿಯುವುದೂ ಇಲ್ಲ. ಎಕ್ಸೆಕ್ ಸಾಲಿನಲ್ಲಿ ಅಲೆಯ ಗುರುತು ಬಳಸಿದ್ದೀರಾ? ಟರ್ಮಿನಲ್‌ನಲ್ಲಿ ಅದು ಮನೆ ಫೋಲ್ಡರ್ ಎಂದು ಅರ್ಥವಾಗುತ್ತದೆ, ಏಕೆಂದರೆ ಅಲ್ಲಿ ಶೆಲ್ (ನೀವು ಟೈಪ್ ಮಾಡಿದ್ದನ್ನು ಓದಿ ನಡೆಸುವ ಪ್ರೋಗ್ರಾಂ) ಕೂತು ಬಿಡಿಸುತ್ತದೆ. ಚೀಟಿ ಓದುವಾಗ ಶೆಲ್ ಇರುವುದಿಲ್ಲ. ಡಾಲರ್ ಹೋಮ್ ಬರೆದರೂ ಅಷ್ಟೇ. /ಹೋಮ್ ಎಂದು ಶುರುಮಾಡಿ ಪೂರ್ತಿ ವಿಳಾಸ ಬರೆಯಲೇಬೇಕು. ಫೋಲ್ಡರ್ ಹೆಸರಿನಲ್ಲಿ ಜಾಗ ಬಿಟ್ಟಿದ್ದರೆ, ಅಂದರೆ "ನನ್ನ ಆಪ್ಸ್" ಎಂಬಂತೆ, ಇಡೀ ವಿಳಾಸವನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಹಾಕಬೇಕು. ಇಲ್ಲದಿದ್ದರೆ ಮೊದಲ ಪದವೇ ಪ್ರೋಗ್ರಾಂ, ಉಳಿದದ್ದು ಅದಕ್ಕೆ ಕೊಟ್ಟ ಸಾಮಾನು ಎಂದು ಅದು ತಿಳಿಯುತ್ತದೆ. ಇನ್ನು ಟ್ರೈಎಕ್ಸೆಕ್ ಎಂಬ ಸಾಲಿದ್ದರೆ ಜೋಪಾನ. ಅಲ್ಲಿ ಹೇಳಿದ ಕಡತ ಸಿಗದಿದ್ದರೆ ಇಡೀ ಚೀಟಿಯನ್ನೇ ಮೆನು ಬಿಟ್ಟುಬಿಡುತ್ತದೆ, ಒಂದು ಮಾತು ಕೂಡ ಹೇಳದೆ. ಗ್ನೋಮ್‌ನಲ್ಲಿ ಎಕ್ಸೆಕ್‌ನ ಪ್ರೋಗ್ರಾಂ ಸಿಗದಿದ್ದರೂ ಇದೇ ಗತಿ. ಬೇರೆ ಕೆಲವು ಕಡೆ ಹೆಸರು ಕಾಣುತ್ತದೆ, ಒತ್ತಿದರೆ ಏನೂ ಆಗುವುದಿಲ್ಲ. ಎರಡೂ ಒಂದೇ ರೋಗದ ಎರಡು ಲಕ್ಷಣ.

ಮೆನುವನ್ನು ಬದಿಗಿಟ್ಟು ಚೀಟಿಯನ್ನಷ್ಟೇ ಪರೀಕ್ಷೆ ಮಾಡಲು ಜಿಟಿಕೆ-ಲಾಂಚ್ ಬಳಸಿ, ಮುಂದೆ ಚೀಟಿಯ ಹೆಸರು, ಉದಾಹರಣೆಗೆ ಸ್ಟೆಲೇರಿಯಂ. ಪ್ರೋಗ್ರಾಂ ತೆರೆದರೆ ಚೀಟಿ ಸರಿಯಾಗಿದೆ, ಜಾಗವೂ ಸರಿಯಾಗಿದೆ, ತಪ್ಪು ಮೆನುವಿನ ಕಡೆ. ತೆರೆಯದಿದ್ದರೆ ಮೆನುವನ್ನು ಬಯ್ಯಬೇಡಿ, ಚೀಟಿಗೆ ವಾಪಸ್ ಹೋಗಿ. ಈ ಒಂದು ಕಮಾಂಡ್ ನನಗೆ ಗೊತ್ತಿಲ್ಲದಿದ್ದ ದಿನಗಳಲ್ಲಿ ಎಷ್ಟು ಸಂಜೆಗಳನ್ನು ಹಾಳು ಮಾಡಿದ್ದೇನೋ.

ಕೆಟಗರಿಯ ಬಗ್ಗೆ ಎರಡು ಮಾತು. ಚೀಟಿಯಲ್ಲಿ ಕೆಟಗರಿ ಇಲ್ಲದಿದ್ದರೆ, ಅಥವಾ ನಿಮಗೆ ತೋಚಿದ ಹೊಸ ಪದ ಹಾಕಿದ್ದರೆ, ಪ್ರೋಗ್ರಾಂ ಮಾಯವಾಗಿರುವುದಿಲ್ಲ, ಬೇರೆ ಗೂಡಿನಲ್ಲಿ ಕೂತಿರುತ್ತದೆ. ಎಕ್ಸ್‌ಎಫ್‌ಸಿಇಯಲ್ಲಿ ಅದರ್ ಎಂಬ ಗುಂಪು ನೋಡಿ, ಕೆಡಿಇಯಲ್ಲಿ ಲಾಸ್ಟ್ ಅಂಡ್ ಫೌಂಡ್ ನೋಡಿ. ಆಫೀಸ್, ಎಜುಕೇಶನ್, ಗ್ರಾಫಿಕ್ಸ್, ನೆಟ್‌ವರ್ಕ್, ಗೇಮ್, ಯುಟಿಲಿಟಿ, ಡೆವಲಪ್‌ಮೆಂಟ್, ಸಿಸ್ಟಂ, ಸೆಟಿಂಗ್ಸ್, ಆಡಿಯೋವಿಡಿಯೋ, ಇಂಥ ಗೊತ್ತುಮಾಡಿದ ಹೆಸರುಗಳಲ್ಲಿ ಒಂದಾದರೂ ಇರಬೇಕು. ಗೇಮ್ ಏಕವಚನ, ಗೇಮ್ಸ್ ಎಂದು ಬರೆದರೆ ಲೆಕ್ಕಕ್ಕಿಲ್ಲ. ಬರೀ ಆಡಿಯೋ ಎಂದು ಬರೆದರೂ ಸಾಲದು, ಜೊತೆಗೆ ಆಡಿಯೋವಿಡಿಯೋ ಕೂಡ ಬೇಕು.

ಕಾಣಬೇಡ ಎಂದು ಚೀಟಿಯೇ ಹೇಳಿದ್ದರೆ

ಪ್ಯಾಕೇಜಿನಿಂದ ಹಾಕಿದ್ದು, ಚೀಟಿ ಇದೆ, ಕಾಣುತ್ತಿಲ್ಲ. ಆಗ ಚೀಟಿ ತೆರೆದು ನಾಲ್ಕು ಪದ ಹುಡುಕಿ. ನೋಡಿಸ್‌ಪ್ಲೇ=ಟ್ರೂ ಎಂದರೆ ಪ್ರೋಗ್ರಾಂ ಇರಲಿ, ಮೆನುವಿನಲ್ಲಿ ಬೇಡ ಎಂದು. ಹಿಡನ್=ಟ್ರೂ ಇನ್ನೂ ಜೋರು, ಈ ಚೀಟಿ ಹರಿದುಹಾಕಿದಂತೆ ಲೆಕ್ಕ. ಓನ್ಲಿಶೋಇನ್ ಎಂದಿದ್ದು ಮುಂದೆ ಗ್ನೋಮ್ ಎಂದಿದ್ದರೆ ಎಕ್ಸ್‌ಎಫ್‌ಸಿಇಯಲ್ಲಿ ಕಾಣದಿರುವುದು ತಪ್ಪಲ್ಲ, ಬರೆದವರ ಇಷ್ಟವೇ ಹಾಗೆ. ನಾಟ್‌ಶೋಇನ್ ಅದರ ಉಲ್ಟಾ. ನಿಮ್ಮ ಡೆಸ್ಕ್‌ಟಾಪ್ ತನ್ನನ್ನು ಏನೆಂದು ಕರೆದುಕೊಳ್ಳುತ್ತದೆ ಎಂದು ತಿಳಿಯಲು ಎಕೋ ಕೊಟ್ಟು ಎಕ್ಸ್‌ಡಿಜಿ_ಕರೆಂಟ್_ಡೆಸ್ಕ್‌ಟಾಪ್ ಎಂಬ ವೇರಿಯಬಲ್ (ಕಂಪ್ಯೂಟರ್ ಒಂದು ಹೆಸರಿನಲ್ಲಿ ನೆನಪಿಟ್ಟ ಮಾಹಿತಿ) ನೋಡಿ. (ಹೆಸರಿನ ಮೊದಲಿಗೆ ಡಾಲರ್ ಗುರುತು, ಎಲ್ಲ ದೊಡ್ಡಕ್ಷರ.)

ಬದಲಾಯಿಸಬೇಕು ಎಂದರೆ /ಯುಎಸ್‌ಆರ್ ಒಳಗಿನ ಮೂಲ ಚೀಟಿಗೆ ಕೈ ಹಾಕಬೇಡಿ, ಮುಂದಿನ ಅಪ್‌ಡೇಟಿನಲ್ಲಿ ಅಳಿಸಿಹೋಗುತ್ತದೆ. ಅದೇ ಹೆಸರಿನಲ್ಲಿ ನಿಮ್ಮ ~/.ಲೋಕಲ್/ಶೇರ್/ಅಪ್ಲಿಕೇಶನ್ಸ್ ಒಳಗೆ ಪ್ರತಿ ಮಾಡಿ, ಪ್ರತಿಯನ್ನು ತಿದ್ದಿ. ಒಂದೇ ಹೆಸರಿನ ಎರಡು ಚೀಟಿ ಇದ್ದರೆ ನಿಮ್ಮ ಮನೆಯದೇ ಗೆಲ್ಲುತ್ತದೆ.

ಈ ಗೆಲ್ಲುವ ಗುಣವೇ ಒಮ್ಮೆ ನನ್ನನ್ನು ಸೋಲಿಸಿತು. 2022ರಲ್ಲಿ ನನ್ನ ಸ್ವಂತ ಕಂಪ್ಯೂಟರಿನಲ್ಲಿ ಲಿಬ್ರೆಆಫೀಸ್ 7.3 ಅದರ ತಾಣದಿಂದಲೇ ತಂದು ಹಾಕಿದ್ದೆ. ಅದು /ಆಪ್ಟ್ ಒಳಗೆ ಆವೃತ್ತಿಯ ಸಂಖ್ಯೆ ಇರುವ ಫೋಲ್ಡರಿನಲ್ಲಿ ಕೂರುತ್ತದೆ. ರೈಟರ್‌ನ ಚೀಟಿಯನ್ನು ಮನೆಗೆ ಪ್ರತಿ ಮಾಡಿ, ಹೆಸರು ಕನ್ನಡದಲ್ಲಿ ಬರೆದು, ಎಕ್ಸೆಕ್‌ನಲ್ಲಿ 7.3ರ ಪೂರ್ತಿ ವಿಳಾಸ ಹಾಕಿ ಖುಷಿಪಟ್ಟೆ. ಆಮೇಲೆ 7.3 ತೆಗೆದು ಡೆಬಿಯನ್ನಿನದೇ ಪ್ಯಾಕೇಜ್ ಹಾಕಿದೆ. ಕ್ಯಾಲ್ಕ್ ಬಂತು, ಇಂಪ್ರೆಸ್ ಬಂತು, ರೈಟರ್ ಮಾತ್ರ ಇಲ್ಲ! ಮೂರು ಸಲ ತೆಗೆದು ಹಾಕಿದೆ. ಹೌದು, ನಾನೂ. ನನ್ನದೇ ಹಳೆ ಚೀಟಿ ಹೊಸದರ ಮುಂದೆ ಬಾಗಿಲಿಗೆ ಅಡ್ಡ ಕೂತಿದೆ ಎಂದು ಹೊಳೆಯಲು ಒಂದು ಭಾನುವಾರ ಪೂರ್ತಿ ಹಿಡಿಯಿತು. ಆದ್ದರಿಂದ ಒಂದು ಪ್ರೋಗ್ರಾಂ ಮೊದಲು ಇತ್ತು, ಅಪ್‌ಡೇಟ್ ಆದ ಮೇಲೆ ಕಾಣೆಯಾಯಿತು ಎಂದರೆ ಮೊದಲು ನೋಡಬೇಕಾದದ್ದು ನಿಮ್ಮ ಮನೆ ಫೋಲ್ಡರಿನ ಚೀಟಿಗಳನ್ನು. ಅನುಮಾನ ಬಂದದ್ದನ್ನು ಅಳಿಸಬೇಡಿ, ಬೇರೆ ಫೋಲ್ಡರಿಗೆ ಸರಿಸಿ ನೋಡಿ.

ಮೆನು ತಿದ್ದುವ ಪ್ರೋಗ್ರಾಂಗಳಿಂದಲೂ ಇಂಥದೇ ತೊಂದರೆ. ಮೆನುಲಿಬ್ರೆ, ಅಲಕಾರ್ಟೆ, ಕೆಡಿಇಯ ಮೆನು ಎಡಿಟರ್ ಇವು ನಿಮ್ಮ ಬದಲಾವಣೆಗಳನ್ನು ~/.ಕಾನ್ಫಿಗ್/ಮೆನೂಸ್ ಒಳಗೆ ಬರೆದಿಡುತ್ತವೆ. ಎರಡು ವರ್ಷದ ಹಿಂದೆ ಯಾವುದನ್ನೋ ಅಡಗಿಸಿದ್ದು ಇವತ್ತಿಗೂ ಅಲ್ಲಿ ಇರುತ್ತದೆ. ಆ ಫೋಲ್ಡರಿನ ಹೆಸರು ಬದಲಿಸಿ ಒಮ್ಮೆ ಲಾಗ್ ಔಟ್ ಆಗಿ ಬನ್ನಿ. ಎಲ್ಲ ಸರಿಯಾದರೆ ಕಾರಣ ಅಲ್ಲೇ ಇತ್ತು.

ರೈಟರ್‌ರ ಗ್ನುಕ್ಯಾಶ್

ಈಗ ಆಲ್ದೂರಿಗೆ ವಾಪಸ್. ಅವರದು ಡೆಬಿಯನ್, ಎಕ್ಸ್‌ಎಫ್‌ಸಿಇ. ಗ್ನುಕ್ಯಾಶ್ ಹಾಕಿದ್ದು ಫ್ಲಾಟ್‌ಪ್ಯಾಕ್ (ಬೇರೆ ಬೇರೆ ಲಿನಕ್ಸ್‌ಗಳಿಗೆ ಒಂದೇ ಪ್ಯಾಕೇಜ್ ಕೊಡುವ ಪದ್ಧತಿ) ಮೂಲಕ, ಫ್ಲಾಟ್‌ಪ್ಯಾಕನ್ನೂ ಅದೇ ದಿನ ಹಾಕಿದ್ದರು. ಫ್ಲಾಟ್‌ಪ್ಯಾಕ್ ತನ್ನ ಚೀಟಿಗಳನ್ನು /ಯುಎಸ್‌ಆರ್ ಒಳಗೆ ಇಡುವುದಿಲ್ಲ. /ವಾರ್/ಲಿಬ್/ಫ್ಲಾಟ್‌ಪ್ಯಾಕ್/ಎಕ್ಸ್‌ಪೋರ್ಟ್ಸ್/ಶೇರ್/ಅಪ್ಲಿಕೇಶನ್ಸ್ ಒಳಗೆ ಇಡುತ್ತದೆ, ನಿಮ್ಮೊಬ್ಬರಿಗೇ ಎಂದು ಹಾಕಿದ್ದರೆ ಮನೆಯ .ಲೋಕಲ್/ಶೇರ್/ಫ್ಲಾಟ್‌ಪ್ಯಾಕ್ ಕೆಳಗೆ. ಅಲ್ಲೂ ಹುಡುಕು ಎಂದು ಮೆನುವಿಗೆ ಹೇಳುವುದು ಎಕ್ಸ್‌ಡಿಜಿ_ಡೇಟಾ_ಡಿರ್ಸ್ ಎಂಬ ವೇರಿಯಬಲ್. ಅದಕ್ಕೆ ಈ ಹೊಸ ಜಾಗ ಸೇರುವುದು ನೀವು ಲಾಗಿನ್ ಆಗುವ ಹೊತ್ತಿನಲ್ಲಿ. ಅಂದರೆ ಫ್ಲಾಟ್‌ಪ್ಯಾಕ್ ಮೊದಲ ಸಲ ಹಾಕಿದ ಮೇಲೆ ಒಮ್ಮೆ ಲಾಗ್ ಔಟ್ ಆಗಿ ಬರಲೇಬೇಕು.

ರೈಟರ್ ಲಾಗ್ ಔಟ್ ಆಗುವವರೇ ಅಲ್ಲ. ಸಂಜೆ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚುತ್ತಾರೆ, ಬೆಳಿಗ್ಗೆ ತೆಗೆಯುತ್ತಾರೆ, ಕರೆಂಟ್ ಹೋದರೂ ಬ್ಯಾಟರಿ ಇದೆ. ಅದು ಮಲಗಿ ಏಳುವುದು, ಹೊಸದಾಗಿ ಲಾಗಿನ್ ಆಗುವುದಲ್ಲ. ಹಾಕುವಾಗ ಟರ್ಮಿನಲ್ ಈ ಜಾಗ ಹುಡುಕುವ ದಾರಿಯಲ್ಲಿ ಇಲ್ಲ ಎಂದು ಒಂದು ಎಚ್ಚರಿಕೆಯನ್ನೂ ಕೊಟ್ಟಿತ್ತು, ಯಾರು ಓದುತ್ತಾರೆ ಹೇಳಿ. ಫೋನಿನಲ್ಲೇ ಲಾಗ್ ಔಟ್ ಮಾಡಿಸಿದೆ. ಅವರು ಕಣದಿಂದ ಆಫೀಸಿಗೆ ಓಡಿ, ಮಾಡಿ, ಮತ್ತೆ ಕಣಕ್ಕೆ ಓಡಿ ಬಂದು ಹೇಳಿದರು: "ಬಂತು ಸಾರ್, ಆಫೀಸ್ ಗುಂಪಲ್ಲೇ ಕೂತಿದೆ."

ಲಿನಕ್ಸ್ ಮಿಂಟ್‌ನಲ್ಲಿ ಫ್ಲಾಟ್‌ಪ್ಯಾಕ್ ಮೊದಲೇ ಇರುವುದರಿಂದ ಈ ಕಾಟ ಕಡಿಮೆ. ಸ್ನ್ಯಾಪ್ ಎಂಬುದೂ ಇಂಥದೇ ಪದ್ಧತಿ, ಅದರ ಚೀಟಿಗಳಿಗೆ ಇನ್ನೊಂದು ಜಾಗ, /ವಾರ್/ಲಿಬ್/ಸ್ನ್ಯಾಪ್‌ಡಿ/ಡೆಸ್ಕ್‌ಟಾಪ್/ಅಪ್ಲಿಕೇಶನ್ಸ್. ಮಿಂಟ್ 2020ರ 20ನೇ ಆವೃತ್ತಿಯಿಂದ ಸ್ನ್ಯಾಪನ್ನು ತಾನಾಗಿ ಬಿಟ್ಟುಕೊಳ್ಳುವುದಿಲ್ಲ. ಹಠಮಾಡಿ ಹಾಕಿಕೊಂಡವರು ಅದಕ್ಕೂ ಒಮ್ಮೆ ಲಾಗ್ ಔಟ್ ಆಗಿ ಬನ್ನಿ.

ಇದರ ಉಲ್ಟಾ ರೋಗವೂ ಒಂದಿದೆ: ಒಂದೇ ಪ್ರೋಗ್ರಾಂ ಅಲ್ಲ, ಇಡೀ ಮೆನು ಖಾಲಿ. ಯಾವುದೋ ಸಲಹೆ ನೋಡಿ .ಪ್ರೊಫೈಲ್ ಕಡತದಲ್ಲಿ ಎಕ್ಸ್‌ಡಿಜಿ_ಡೇಟಾ_ಡಿರ್ಸ್‌ಗೆ ಹೊಸ ವಿಳಾಸ ಬರೆದಿರುತ್ತಾರೆ, ಹಳೆಯದನ್ನು ಉಳಿಸಿಕೊಂಡಿರುವುದಿಲ್ಲ. /ಯುಎಸ್‌ಆರ್/ಲೋಕಲ್/ಶೇರ್ ಮತ್ತು /ಯುಎಸ್‌ಆರ್/ಶೇರ್ ಎರಡೂ ಆ ಸಾಲಿನಲ್ಲಿ ಇರಬೇಕು, ಮಧ್ಯೆ ಕೋಲನ್. ವೇರಿಯಬಲ್ ಏನೂ ಬರೆಯದೆ ಖಾಲಿ ಇದ್ದರೆ ಪರವಾಗಿಲ್ಲ, ಆಗ ಈ ಎರಡನ್ನು ತಾನೇ ಹಿಡಿಯುತ್ತದೆ. ಅರ್ಧಂಬರ್ಧ ಬರೆದರೆ ಮಾತ್ರ ಅನಾಹುತ.

ಮೆನುವನ್ನು ಎಬ್ಬಿಸುವುದು

ಚೀಟಿ ಸರಿ, ಜಾಗ ಸರಿ, ಜಿಟಿಕೆ-ಲಾಂಚ್‌ನಲ್ಲಿ ತೆರೆಯುತ್ತದೆ, ಮೆನುವಿಗೆ ಮಾತ್ರ ಎಚ್ಚರವಿಲ್ಲ. ಎಕ್ಸ್‌ಎಫ್‌ಸಿಇಯಲ್ಲಿ ಎಕ್ಸ್‌ಎಫ್‌ಸಿಇ4-ಪ್ಯಾನೆಲ್ -ಆರ್. ಎಲ್‌ಎಕ್ಸ್‌ಡಿಇಯಲ್ಲಿ ಎಲ್‌ಎಕ್ಸ್‌ಪ್ಯಾನೆಲ್‌ಸಿಟಿಎಲ್ ರೀಸ್ಟಾರ್ಟ್. ಕೆಡಿಇಯಲ್ಲಿ ಕೆಬಿಲ್ಡ್‌ಸೈಕೋಕಾ6, ಪ್ಲಾಸ್ಮಾ 5 ಇದ್ದರೆ ಕೊನೆಗೆ 5. ಹಟ ಮಾಡಿದರೆ ಮುಂದೆ --ನೋಇಂಕ್ರಿಮೆಂಟಲ್ ಸೇರಿಸಿ. ಸಿನಮನ್‌ನಲ್ಲಿ ಕಂಟ್ರೋಲ್, ಆಲ್ಟ್, ಎಸ್ಕೇಪ್ ಒಟ್ಟಿಗೆ. ಗ್ನೋಮ್ ಎಕ್ಸ್11ರಲ್ಲಿ (ಪರದೆ ತೋರಿಸುವ ಹಳೆ ವ್ಯವಸ್ಥೆ) ಓಡುತ್ತಿದ್ದರೆ ಆಲ್ಟ್ ಎಫ್2 ಒತ್ತಿ ಆರ್ ಕೊಡಿ, ಹೊಸ ವ್ಯವಸ್ಥೆ ವೇಲ್ಯಾಂಡ್ ಇದ್ದರೆ ಲಾಗ್ ಔಟ್ ಬಿಟ್ಟು ದಾರಿ ಇಲ್ಲ.

ಓಪನ್‌ಬಾಕ್ಸ್ ಎಂಬ ಹಗುರ ಕಿಟಕಿ ವ್ಯವಸ್ಥೆ ಬಳಸುವವರಿಗೆ ಮೇಲೆ ಹೇಳಿದ್ದು ಹೆಚ್ಚಿನದು ಅನ್ವಯಿಸುವುದಿಲ್ಲ. ಒಂದು ಜಿಬಿ ಮೆಮೊರಿಯ ಹಳೆ ಯಂತ್ರಗಳಿಗೆ ನಾನೇ ಹಾಕಿಕೊಟ್ಟಿದ್ದೇನೆ. ಅಲ್ಲಿ ಬಲ ಕ್ಲಿಕ್ಕಿನ ಮೆನು ~/.ಕಾನ್ಫಿಗ್/ಓಪನ್‌ಬಾಕ್ಸ್/ಮೆನು.ಎಕ್ಸ್‌ಎಂಎಲ್ ಎಂಬ ಕಡತದಲ್ಲಿ ಕೈಯಿಂದ ಬರೆದದ್ದು. ಚೀಟಿಯನ್ನು ಅದು ತಾನಾಗಿ ಓದುವುದಿಲ್ಲ, ಸಾಲು ಸೇರಿಸಿ ಓಪನ್‌ಬಾಕ್ಸ್ --ರೀಕಾನ್ಫಿಗರ್ ಕೊಡಬೇಕು. ಡೆಬಿಯನ್‌ನಲ್ಲಿ ಇದಕ್ಕೆಲ್ಲ ಹಳೆಯ ಮೆನು ಪದ್ಧತಿಯೊಂದಿತ್ತು. ಡೆಸ್ಕ್‌ಟಾಪ್ ಚೀಟಿ ಇರುವ ಪ್ರೋಗ್ರಾಂಗಳು ಹಳೆಯದನ್ನು ಇಟ್ಟುಕೊಳ್ಳಬಾರದು ಎಂದು 2015ರಲ್ಲಿ ಅವರ ತಾಂತ್ರಿಕ ಸಮಿತಿ ತೀರ್ಮಾನಿಸಿತು. ನನಗೆ ಸರಿ ಅನಿಸಿದ ತೀರ್ಮಾನವೇ, ಆದರೆ ಹಳೆ ಯಂತ್ರದವರ ಮೆನು ಆಮೇಲೆ ಬಡವಾಯಿತು.

ಕನ್ನಡ ಹೆಸರು, ಚಿತ್ರ

ಮೆನುವಿನಲ್ಲಿ ಹೆಸರು ಕನ್ನಡದಲ್ಲಿ ಬೇಕೆಂದರೆ ನೇಮ್[ಕೆಎನ್]= ಎಂಬ ಇನ್ನೊಂದು ಸಾಲು ಸೇರಿಸಿ. ಅದು ಕಾಣುವುದು ನಿಮ್ಮ ಲಾಗಿನ್ ಭಾಷೆ ಕನ್ನಡ ಆಗಿದ್ದರೆ ಮಾತ್ರ. ಭಾಷೆ ಇಂಗ್ಲಿಷ್ ಇಟ್ಟುಕೊಂಡು ಈ ಒಂದು ಹೆಸರು ಮಾತ್ರ ಕನ್ನಡ ಬೇಕೆಂದರೆ ನೇರವಾಗಿ ನೇಮ್= ಮುಂದೆಯೇ ಕನ್ನಡ ಬರೆಯಿರಿ, ಏನೂ ತೊಂದರೆ ಇಲ್ಲ. ಕೀವರ್ಡ್ಸ್= ಸಾಲಿನಲ್ಲಿ ತಾರೆ;ನಕ್ಷತ್ರ;ಆಕಾಶ; ಎಂದು ಹಾಕಿದರೆ ಮೆನುವಿನ ಹುಡುಕುವ ಪೆಟ್ಟಿಗೆಯಲ್ಲಿ ಕನ್ನಡದಲ್ಲೇ ಹುಡುಕಬಹುದು. ಮೇಷ್ಟ್ರಿಗೆ ಇದು ಬಹಳ ಹಿಡಿಸಿತು.

ಒಂದೇ ಎಚ್ಚರಿಕೆ, ಬರೆದದ್ದು ಯೂನಿಕೋಡ್ ಆಗಿರಬೇಕು. ಹಳೆ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ತಂದು ಅಂಟಿಸಿದರೆ ಮೆನುವಿನಲ್ಲಿ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಬರುತ್ತದೆ. ಅದನ್ನು ನೋಡಿ ಹ್ಯಾಕ್ ಆಯ್ತು ಎಂದು ಹೆದರಿದವರಿದ್ದಾರೆ.

ಚಿತ್ರ ಬರದೆ ಖಾಲಿ ಚೌಕ ಕಂಡರೆ ಐಕಾನ್ ಸಾಲು ನೋಡಿ. ಪೂರ್ತಿ ವಿಳಾಸ ಕೊಟ್ಟರೆ ಕೊನೆಯ .ಪಿಎನ್‌ಜಿ ಸಮೇತ ಕೊಡಿ. ಬರೀ ಹೆಸರು ಕೊಟ್ಟರೆ .ಪಿಎನ್‌ಜಿ ಬೇಡ, ಆ ಹೆಸರಿನ ಚಿತ್ರ ಹೈಕಲರ್ ಐಕಾನ್ ಫೋಲ್ಡರಿನಲ್ಲಿ ಇರಬೇಕು. ಎರಡನ್ನೂ ಬೆರೆಸಿದಾಗಲೇ ಕೆಡುವುದು.

ಕೊನೆಯದಾಗಿ ಅಪ್‌ಡೇಟ್-ಡೆಸ್ಕ್‌ಟಾಪ್-ಡೇಟಾಬೇಸ್. ಮೆನು ಸರಿಯಾಗಲಿಲ್ಲ ಎಂದಾಗಲೆಲ್ಲ ಇದನ್ನು ಮಂತ್ರದ ಹಾಗೆ ಹೊಡೆಯುವವರನ್ನು ನೋಡಿದ್ದೇನೆ. ಅದರ ಹೆಸರು ದಾರಿ ತಪ್ಪಿಸುತ್ತದೆ. ಅದು ಮಾಡುವುದು ಯಾವ ಬಗೆಯ ಕಡತವನ್ನು ಯಾವ ಪ್ರೋಗ್ರಾಂ ತೆರೆಯಬೇಕು ಎಂಬ ಪಟ್ಟಿಯನ್ನು. ಚೀಟಿಯಲ್ಲಿ ಮೈಮ್‌ಟೈಪ್ (ಕಡತದ ಬಗೆ) ಸಾಲು ಬರೆದು, ಎಕ್ಸೆಕ್ ಕೊನೆಗೆ %ಎಫ್ ಸೇರಿಸಿ, ಕಡತದ ಮೇಲೆ ಎರಡು ಸಲ ಒತ್ತಿದರೆ ನಿಮ್ಮ ಪ್ರೋಗ್ರಾಂ ತೆರೆಯಬೇಕು ಎಂದಿದ್ದರೆ ಆಗ ಬೇಕು, ಮೆನುವಿಗೆ ಬೇಡ.

ಇಷ್ಟೆಲ್ಲ ನೋಡಿಯೂ ಆಗದಿದ್ದರೆ ಗೊತ್ತಿರುವ ಯಾರನ್ನಾದರೂ ಕೇಳಿ. ಕೇಳುವಾಗ ಯಾವ ಡೆಸ್ಕ್‌ಟಾಪ್, ಪ್ರೋಗ್ರಾಂ ಎಲ್ಲಿಂದ ತಂದಿರಿ, ಚೀಟಿಯ ಪೂರ್ತಿ ಪಠ್ಯ, ಜಿಟಿಕೆ-ಲಾಂಚ್ ಏನಂದಿತು, ಈ ನಾಲ್ಕನ್ನು ಕೊಡಿ. ಪಠ್ಯವಾಗಿ ಕೊಡಿ. ಕಿಟಕಿಯ ಬೆಳಕು ಹೊಳೆಯುವ ಸ್ಕ್ರೀನಿನ ಓರೆ ಫೋಟೋ ಕಳಿಸಿದರೆ ಎಕ್ಸೆಕ್ ಸಾಲಿನ ಚುಕ್ಕೆ ಎಲ್ಲಿದೆ ಎಂದು ನನಗಂತೂ ಕಾಣುವುದಿಲ್ಲ.